ಹಿಂದೆ ಬಿದ್ದ ಹುಳ

ಮ್ಯಾಂಗೋನ ತಲೆಯ ಮೇಲೆ ಒಂದು ಕ್ರಿಕೆಟ್ ಹುಳ ಹತ್ತಿ ಕೂತಿತ್ತು. ಎರಡು ತಿಂಗಳ ಹಿಂದಾಗಿದ್ದರೆ ಆ ಹುಳ ಗಾಜಿನ ಪೆಟ್ಟಿಗೆಯೊಳಗೆ ಅರ್ಧ ನಿಮಿಷ ಉಳಿಯುತ್ತಿರಲಿಲ್ಲ. ಈಗ ಮ್ಯಾಂಗೋ ಬಾಯಿ ಹಾಕಿತು, ಹಿಡಿಯಿತು, ಹುಳ ಜಾರಿಕೊಂಡು ಹೊರಬಂದು ತನ್ನ ಪಾಡಿಗೆ ನಡೆದುಹೋಯಿತು. ಮೂರು ಸಲ ಹೀಗೇ ಆಯಿತು. ನಾಲ್ಕನೇ ಸಲ ಮ್ಯಾಂಗೋ ಮುಖ ತಿರುಗಿಸಿತು. ಹತ್ತಿರ ಹೋಗಿ ನೋಡಿದರೆ ಕೆಳದವಡೆ ಒಂದು ಕಡೆಗೆ ವಾಲಿತ್ತು, ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ.

ಮ್ಯಾಂಗೋ ನನ್ನ ಮಗಳು ಸಾಕಿರುವ ಲೆಪರ್ಡ್ ಗೆಕ್ಕೊ. ಹಳದಿ ಮೈ, ಕಪ್ಪು ಚುಕ್ಕೆ, ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದ. ಗೋಡೆ ಹತ್ತಲು ಬಾರದ, ರೆಪ್ಪೆ ಮಿಟುಕಿಸುವ ಹಲ್ಲಿ. ಇದರ ಕುಲದ ಮೂಲ ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಒಣನೆಲ. ಇದು ಹುಟ್ಟಿದ್ದು ಮಾತ್ರ ಅಮೆರಿಕದಲ್ಲಿ, ನನ್ನ ಮಗಳ ಹಾಗೇ. ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ.

ತಪ್ಪು ನನ್ನದು. ಪೆಟ್ಟಿಗೆ ಕೊಂಡ ದಿನ ಅಂಗಡಿಯ ಹುಡುಗ ಡಿ3 ವಿಟಮಿನ್ ಇರುವ ಕ್ಯಾಲ್ಸಿಯಂ ಪುಡಿಯನ್ನೂ ಬಿಸಿಲಿನ ಹಾಗೆ ನೇರಳಾತೀತ ಕಿರಣ ಬೀರುವ ಯುವಿಬಿ ದೀಪವನ್ನೂ ತೋರಿಸಿದ್ದ. ಒಂದು ಹಲ್ಲಿಗೆ ಇಷ್ಟೆಲ್ಲಾ ಬೇಕಾ, ದುಡ್ಡು ಕೀಳುವ ದಾರಿ ಇದು ಅಂದುಕೊಂಡು ಎರಡನ್ನೂ ಅಲ್ಲೇ ಬಿಟ್ಟು ಬಂದಿದ್ದೆ. ಬರೀ ಹುಳ ಹಾಕುತ್ತಿದ್ದೆವು. ಕ್ರಿಕೆಟ್ ಹುಳದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಹೆಚ್ಚಂತೆ. ಹೊರಗಿಂದ ಕ್ಯಾಲ್ಸಿಯಂ ಸಿಗದಿದ್ದರೆ ಮೈ ತನ್ನ ಮೂಳೆಯಿಂದಲೇ ಸಾಲ ತೆಗೆಯುತ್ತದೆ. ಪಶುವೈದ್ಯೆ ಎಕ್ಸ್‌ರೇ ಹಿಡಿದು ತೋರಿಸಿದಾಗ ದವಡೆ ಇರಬೇಕಾದ ಕಡೆ ಮಾಸಲು ಮಬ್ಬು. ಮೆಟಬಾಲಿಕ್ ಬೋನ್ ಡಿಸೀಸ್, ಮೂಳೆ ಮೆತ್ತಗಾಗುವ ರೋಗ ಅಂದರು. ಸಾಕುವವರ ಬಾಯಲ್ಲಿ ಇದೇ 'ರಬ್ಬರ್ ದವಡೆ'. ತೂಕ 38 ಗ್ರಾಂ. ಕೊಬ್ಬು ಕೂಡಿಡುವ ಬಾಲ ಬತ್ತಿ ಪೆನ್ಸಿಲ್ ಆಗಿತ್ತು. ಬಾಯಿ ಬಲವಂತವಾಗಿ ತೆರೆಯಬೇಡಿ, ದವಡೆ ಮುರಿದೀತು ಅಂತ ಎರಡೆರಡು ಸಲ ಎಚ್ಚರಿಸಿದರು.

ಆಮೇಲೆ ಶುರುವಾಯಿತು ನನ್ನ ದಿನಚರಿ. ಹುಳ ತಿನ್ನುವ ಪ್ರಾಣಿಗಳಿಗೆಂದೇ ಬರುವ ಪುಡಿಯನ್ನು ಬಿಸಿನೀರಲ್ಲಿ ಗಂಜಿಯ ಹದಕ್ಕೆ ಕಲಸಿ, ಸೂಜಿಯಿಲ್ಲದ ಒಂದು ಎಂಎಲ್ ಸಿರಿಂಜಿಗೆ ತುಂಬಿ, ಮೂಗಿನ ತುದಿಗೆ ಒಂದು ಹನಿ ಒರೆಸುವುದು. ಕಾಯುವುದು. ಅದಕ್ಕೆ ಮನಸ್ಸು ಬಂದರೆ ಗುಲಾಬಿ ನಾಲಿಗೆ ಹೊರಬಂದು ಹನಿಯನ್ನು ನೆಕ್ಕುತ್ತದೆ. ಮತ್ತೊಂದು ಹನಿ. ಒಂದು ಊಟಕ್ಕೆ ಮುಕ್ಕಾಲು ಗಂಟೆ. ಹೆಚ್ಚು ಒತ್ತಿದರೆ ಉಸಿರಿನ ದಾರಿಗೆ ಹೋಗುವ ಭಯ, ಕಡಿಮೆಯಾದರೆ ತೂಕ ಇಳಿಯುವ ಭಯ. ಮಗಳಿಗೂ ಹುಟ್ಟಿದಾಗ ಇಷ್ಟು ತಾಳ್ಮೆಯಿಂದ ಉಣಿಸಿದ ನೆನಪಿಲ್ಲ ನನಗೆ.

ಇದನ್ನೆಲ್ಲ ಸೋಫಾದ ಆ ತುದಿಯಿಂದ ನೋಡುತ್ತಿದ್ದವಳು ಅಮ್ಮ. ಶಿಡ್ಲಘಟ್ಟದ ಕಡೆಯ ಹಳ್ಳಿಯಿಂದ ಆರು ತಿಂಗಳಿಗೆಂದು ಬಂದಿದ್ದಳು. ನಲವತ್ತು ವರ್ಷ ರೇಷ್ಮೆಹುಳ ಸಾಕಿದ ಜೀವ. ನಮ್ಮ ಹುಳದ ಮನೆಯಲ್ಲಿ ಶತ್ರುಗಳ ಪಟ್ಟಿಯೇ ಇತ್ತು: ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲಿಟ್ಟರೂ ಹತ್ತುವ ಇರುವೆ, ಇಲಿ, ಹುಳದ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ, 1980ರಲ್ಲಿ ರಾಜ್ಯಕ್ಕೆ ಕಾಲಿಟ್ಟ ಊಜಿ ನೊಣ, ಮತ್ತೆ ಸಂಜೆಯಾದರೆ ತಟ್ಟೆಯ ಅಂಚಿಗೆ ಬಂದು ಕೂರುವ ಹಲ್ಲಿ. ಲೊಚಗುಟ್ಟಿದರೆ ನೆಲ ಮುಟ್ಟಿ 'ಕೃಷ್ಣ ಕೃಷ್ಣ' ಅನ್ನುತ್ತಿದ್ದವಳೇ ಮರುಕ್ಷಣ ಪೊರಕೆ ಎತ್ತುತ್ತಿದ್ದಳು. ಶಕುನದ ಲೆಕ್ಕ ಬೇರೆ, ಹುಳದ ಲೆಕ್ಕ ಬೇರೆ.

"ಕೂಲಿ ಆಳಿಗೂ ಇಷ್ಟು ಉಪಚಾರ ಮಾಡಿರಲಿಲ್ಲ ನಾವು," ಅಂದಳು ಮೊದಲ ವಾರ. ಎರಡನೇ ವಾರ, "ಗಂಜಿ ಆರಿಹೋಗೈತೆ, ಬಿಸಿ ಮಾಡ್ಕೊಂಡು ಬಾ." ನಾನು ಪುಡಿ ಡಬ್ಬಿ ತೆರೆದಾಗ ಬಗ್ಗಿ ನೋಡಿ, "ಜ್ವರಕ್ಕೆ ಕೂತ ಹುಳಕ್ಕೆ ನಾವು ಸುಣ್ಣ ಉದುರಿಸ್ತಿರಲಿಲ್ವಾ, ಅಂಗೇನಾ?" ಅಂದಳು. ಹುಳ ಪೊರೆ ಬಿಡುವ ಹೊತ್ತನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಅಮ್ಮಾ, ಆ ಸುಣ್ಣ ತಿಂದರೆ ಬಾಯಿ ಸುಟ್ಟುಹೋಗುತ್ತೆ, ಇದು ಬೇರೆ ಅಂದೆ. ಒಪ್ಪಿದ ಹಾಗೆ ಕಾಣಲಿಲ್ಲ.

ಒಂದು ತಿಂಗಳಲ್ಲಿ ತೂಕ 42ಕ್ಕೆ ಬಂತು. ದವಡೆ ತುಸು ಬಿಗಿಯಾಗಿದೆ, ಮೆತ್ತಗಿನ ಹುಳ ಕೊಟ್ಟು ನೋಡಿ, ರೇಷ್ಮೆಹುಳವಾದರೆ ಒಳ್ಳೆಯದು ಅಂದರು ವೈದ್ಯೆ. ಕಾರಿನಲ್ಲಿ ಇದನ್ನು ಕನ್ನಡದಲ್ಲಿ ಹೇಳುವ ಧೈರ್ಯ ನನಗೆ ಬರಲಿಲ್ಲ, ಮಗಳೇ ಹೇಳಿಬಿಟ್ಟಳು. "ಅಜ್ಜಿ, ಡಾಕ್ಟರ್ ಸಿಲ್ಕ್‌ವರ್ಮ್ ಕೊಡಿ ಅಂದ್ರು." ಅಮ್ಮ ಎಡಿಸನ್ ಬರುವವರೆಗೂ ಕಿಟಕಿಯಾಚೆ ನೋಡುತ್ತಲೇ ಇದ್ದಳು.

ಹುಳ ಅಂಚೆಯಲ್ಲಿ ಬಂದವು, ಅಂಗೈಯಗಲದ ಡಬ್ಬಿಯಲ್ಲಿ, ಹಸಿರು ಹಿಟ್ಟಿನ ಮುದ್ದೆಯ ಮೇಲೆ. ಅಮ್ಮ ಕನ್ನಡಕ ಏರಿಸಿದಳು. "ಎರಡನೇ ಜ್ವರ ಎದ್ದವೆ. ಸೊಪ್ಪಿಲ್ಲದೆ ಹಿಟ್ಟು ತಿನ್ನಿಸ್ತಾರಲ್ಲೇ, ಪಾಪ!" ಮಾರನೇ ದಿನ ವಾಕಿಂಗಿಗೆ ಹೋದವಳು ಮಡಿಲ ತುಂಬ ಹಿಪ್ಪುನೇರಳೆ ಸೊಪ್ಪು ತಂದಳು. ಪಾರ್ಕಿಂಗ್ ಜಾಗದ ಬೇಲಿ ಪಕ್ಕ ಕಳೆಯ ಹಾಗೆ ಬೆಳೆದಿತ್ತಂತೆ. ರೇಷ್ಮೆಗೆಂದೇ ಹಿಂದೆ ಅಮೆರಿಕಕ್ಕೆ ತಂದ ಮರ ಅದು. ಇಲ್ಲಿಂದ ಕಾರಿನಲ್ಲಿ ಒಂದು ಗಂಟೆಯೂ ಇಲ್ಲದ ಪ್ಯಾಟರ್ಸನ್ನಿಗೆ ಇಂದಿಗೂ 'ಸಿಲ್ಕ್ ಸಿಟಿ' ಅನ್ನುವ ಹೆಸರಿದೆ. ಹತ್ತು ವರ್ಷದಿಂದ ಆ ಬೇಲಿ ಪಕ್ಕವೇ ಕಾರು ನಿಲ್ಲಿಸುತ್ತಿದ್ದೇನೆ, ರೇಷ್ಮೆಯವರ ಮನೆ ಮಗಳಾಗಿ ಒಂದು ದಿನ ತಲೆ ಎತ್ತಿ ನೋಡಿರಲಿಲ್ಲ. ಅಮ್ಮ ಎಲೆ ತೊಳೆದಳು, ಹೆಗಲ ಟವೆಲಿನಲ್ಲಿ ತೇವ ಒರೆಸಿದಳು, ಎಳೆಯವನ್ನು ಆರಿಸಿ ಸಣ್ಣಗೆ ಹೆಚ್ಚಿದಳು. ಅಡುಗೆಮನೆಯ ಮೂಲೆ ಹುಳದ ಮನೆಯಾಯಿತು.

ಆ ಶನಿವಾರ ಸಂಜೆ ಒಂದು ಹುಳ ಬೇಕು ಅಂದಾಗ ಅಮ್ಮ ಬಹಳ ಹೊತ್ತು ತಟ್ಟೆಯ ಮೇಲೆ ಬಗ್ಗಿದ್ದಳು. ಕೊನೆಗೆ ಉಳಿದವುಗಳ ಅರ್ಧದಷ್ಟಿದ್ದ ಒಂದನ್ನು ಎಲೆಯ ಸಮೇತ ಎತ್ತಿದಳು. "ಇದು ಹಿಂದೆ ಬಿದ್ದಿರೋದು, ಗೂಡು ಕಟ್ಟೋದಿಲ್ಲ. ನಮ್ಮಲ್ಲಾಗಿದ್ರೆ ತೆಗೆದು ಹಾಕ್ತಿದ್ವಿ." ನಾನು ಕ್ಯಾಲ್ಸಿಯಂ ಪುಡಿ ಸವರಿ ಚಿಮಟದಲ್ಲಿ ಹಿಡಿದೆ. ಮ್ಯಾಂಗೋ ಬಾಲದ ತುದಿ ಆಡಿಸಿತು. ಬಾಯಿ ಹಾಕಿತು. ಹುಳ ಸೊಟ್ಟ ದವಡೆಯ ಸಂದಿನಲ್ಲಿ ಅರ್ಧ ಹೊರಗೇ ನೇತಾಡಿತು. ಮಗಳು ಉಸಿರು ಬಿಗಿಹಿಡಿದಳು. ಇನ್ನೊಂದು ಸಲ ಅಗಿದಾಗ ಒಳಗೆ ಹೋಯಿತು. ಮ್ಯಾಂಗೋ ಕಣ್ಣು ಮುಚ್ಚಿ, ತುಟಿ ನೆಕ್ಕಿಕೊಂಡಿತು. ಅಮ್ಮ ನೋಡಲಿಲ್ಲ. ಬೆನ್ನು ತಿರುಗಿಸಿ ಸೊಪ್ಪು ಹೆಚ್ಚುತ್ತಿದ್ದಳು.

ದವಡೆ ನೆಟ್ಟಗಾಗುವುದಿಲ್ಲ. ಆದ ಸೊಟ್ಟ ಹಾಗೇ ಗಟ್ಟಿಯಾಗುತ್ತದೆ ಅಂತ ವೈದ್ಯೆ ಮೊದಲೇ ಹೇಳಿದ್ದರು. ಈಗ ದೀಪ ಇದೆ, ಪುಡಿ ಇದೆ. ದೊಡ್ಡ ಹುಳವನ್ನು ಇಂದಿಗೂ ನಾನೇ ಹಿಡಿದುಕೊಂಡಿರಬೇಕು.

ಜೂನ್ ಮೊದಲ ವಾರ ಡಬ್ಬಿಯಲ್ಲಿ ಹುಳ ಮುಗಿದವು ಅಂದಳು ಅಮ್ಮ. ನನ್ನ ಲೆಕ್ಕಕ್ಕೆ ಇನ್ನೂ ಆರೇಳು ಇರಬೇಕಿತ್ತು. ಭಾನುವಾರ ಅಕ್ಕಿ ಡಬ್ಬದ ಹಿಂದೆ ಕೈ ಹಾಕಿದಾಗ ಮೊಟ್ಟೆಯ ಖಾಲಿ ಟ್ರೇ ಸಿಕ್ಕಿತು. ಅದನ್ನೇ ಚಂದ್ರಿಕೆ, ಅಂದರೆ ಹುಳ ಗೂಡು ಕಟ್ಟುವ ತಟ್ಟೆ ಮಾಡಿದ್ದಳು. ಒಂದೊಂದು ಗುಳಿಯಲ್ಲಿ ಒಂದೊಂದರಂತೆ ಏಳು ಬಿಳಿ ಗೂಡು.

"ಏನಮ್ಮಾ ಇದು?"

"ಒಳ್ಳೆ ಹುಳನ ಹಲ್ಲಿ ಬಾಯಿಗೆ ಹಾಕಕ್ಕಾಗ್ತೈತೇನೆ?" ಅಂದಳು.