ಬ್ಲಾಕ್ ಎಲ್ಲಾ ತೆಗೆದುಬಿಟ್ರಾ?

ನನಗೆ ಹೃದಯದ ಬೈಪಾಸ್ ಆಪರೇಷನ್ ಆಗಿ ಎರಡು ವರ್ಷ ಆಯಿತು. ಮಂಡ್ಯದಲ್ಲಿ ಮದುವೆಮನೆಗೆ ಹೋದರೂ, ಮೈಸೂರು ಬಸ್ಸಿನಲ್ಲಿ ಪರಿಚಯದವರು ಸಿಕ್ಕರೂ ಕೇಳುವುದು ಒಂದೇ: "ಅಣ್ಣ, ಬ್ಲಾಕ್ ಎಲ್ಲಾ ತೆಗೆದುಬಿಟ್ರಾ?"

ಇಲ್ಲ. ನನ್ನ ಮೂರು ಬ್ಲಾಕುಗಳೂ, ಅಂದರೆ ಹೃದಯಕ್ಕೆ ರಕ್ತ ಕೊಡುವ ನಾಳಗಳಲ್ಲಿ ಕೊಬ್ಬು ಕಟ್ಟಿಕೊಂಡ ಜಾಗಗಳು, ಇದ್ದಲ್ಲೇ ಇವೆ.

ನಮ್ಮ ಕಡೆಯವರಿಗೆ ಕಾಲುವೆ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ವಿಶ್ವೇಶ್ವರಯ್ಯ ನಾಲೆಯಿಂದ ಗದ್ದೆಗೆ ಬರುವ ಕಾಲುವೆಯಲ್ಲಿ ಒಂದು ಕಡೆ ಹೂಳು ಕಟ್ಟಿದೆ ಅಂದುಕೊಳ್ಳಿ. ಆ ಹೂಳನ್ನು ಮುಟ್ಟುವುದಿಲ್ಲ. ಅದಕ್ಕಿಂತ ಮೇಲೆ ನೀರು ತಿರುಗಿಸಿ, ಪಕ್ಕದಲ್ಲಿ ಪೈಪ್ ಹಾಕಿ, ಹೂಳು ದಾಟಿದ ಮೇಲೆ ಅದೇ ಕಾಲುವೆಗೆ ಬಿಡುತ್ತಾರೆ. ಹೃದಯದ ಮಾಂಸವೇ ಗದ್ದೆ, ರಕ್ತವೇ ನೀರು.

ಪೈಪ್ ಎಲ್ಲಿಂದ ತರುತ್ತಾರೆ? ನಮ್ಮ ಮೈಯಿಂದಲೇ. ನನ್ನ ಎಡಗಾಲಲ್ಲಿ ಹರಡಿನಿಂದ ಮಂಡಿಯ ಮೇಲಿನವರೆಗೂ ಹೊಲಿಗೆಯ ಗೆರೆ ಇದೆ. ಎರಡು ಪೈಪಿಗೆ ರಕ್ತನಾಳ ತೆಗೆದದ್ದು ಅಲ್ಲಿಂದ. ಮೂರನೆಯದು ಎದೆಮೂಳೆಯ ಹಿಂದೆ ಇಳಿಯುವ ನಾಳ. ಅದರ ಮೇಲಿನ ತುದಿ ಹಾಗೇ ಬಿಟ್ಟು, ಕೆಳತುದಿಯನ್ನು ಹೃದಯದ ಮುಂಭಾಗದ ನಾಳಕ್ಕೆ ಹೊಲಿದಿದ್ದಾರೆ. ಇದು ತುಂಬ ವರ್ಷ ಬಾಳುತ್ತದೆ. ಕಾಲಿನ ನಾಳ ಅಷ್ಟು ಗಟ್ಟಿಯಲ್ಲ. ಹಾಗೆ ಹಾಕಿದ ನಾಳಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು 10 ವರ್ಷದಲ್ಲಿ ಮುಚ್ಚಿಕೊಳ್ಳುತ್ತವೆ. ಕಾಲಿನ ನಾಳ ಹಾಕುವ ಈ ಆಪರೇಷನ್ನನ್ನು 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರೂಢಿಗೆ ತಂದವರು ಸರ್ಜನ್ ರೆನೆ ಫವಲೋರೊ. ಅದಕ್ಕೂ ಮೊದಲು ಅವರು ಅರ್ಜೆಂಟೀನಾದ ಒಂದು ಹಳ್ಳಿಯಲ್ಲಿ 12 ವರ್ಷ ಡಾಕ್ಟರಾಗಿದ್ದರು. ಇದನ್ನು ತಿಳಿದಾಗ ನನಗೆ ಯಾಕೋ ಬಹಳ ಖುಷಿಯಾಯಿತು.

ನೋವು? ಇತ್ತು. ಎದೆಮೂಳೆಯನ್ನು ಉದ್ದಕ್ಕೆ ಸೀಳಿ, ಆಮೇಲೆ ಸ್ಟೀಲ್ ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಭಾರ ಎತ್ತುವಂತಿಲ್ಲ, ಗಾಡಿ ಓಡಿಸುವಂತಿಲ್ಲ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಬೇಕು. ಸಿಸ್ಟರ್ ಮೂರು ಗುಂಡುಗಳಿರುವ ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ಕೊಳವೆಯಿಂದ ಉಸಿರು ಎಳೆಯಿರಿ ಅಂದರು. ಮೊದಲ ದಿನ ಒಂದೇ ಗುಂಡು, ಅದೂ ಸುಮ್ನೆ ಅಲುಗಿತು. ಬಿಡಬೇಡಿ, ಎಳೆಯಿರಿ. ಶ್ವಾಸಕೋಶ ಸರಿಯಾಗಿ ಅರಳದಿದ್ದರೆ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು. ಮನೆಗೆ ಬಂದ ಮೇಲೆ ಕಾರಣವಿಲ್ಲದೆ ಅಳು ಬರುತ್ತಿತ್ತು. ಇದೂ ಹಲವರಿಗೆ ಆಗುತ್ತದೆ. ಜಾಸ್ತಿ ದಿನ ಹಾಗೇ ಇದ್ದರೆ ಡಾಕ್ಟರಿಗೆ ಹೇಳಿ.

ಬ್ಲಾಕ್ ತೆಗೆದರು ಅಂತ ನಂಬಿಕೊಂಡರೆ ಮುಂದಿನ ತಪ್ಪಿಗೆ ದಾರಿಯಾಗುತ್ತದೆ. ಅದಕ್ಕೇ ಈ ಪ್ರಶ್ನೆ ಕೇಳಿದವರನ್ನು ನಾನು ನಿಲ್ಲಿಸಿಕೊಂಡು ಮಾತಾಡುತ್ತೇನೆ. ಹೂಳು ಕಟ್ಟಿಸಿದ ಸಕ್ಕರೆ, ಕೊಬ್ಬು, ಬೀಡಿ ಹೊಸ ಪೈಪನ್ನೂ ಬಿಡುವುದಿಲ್ಲ, ಅಲ್ವಾ? ಆಸ್ಪಿರಿನ್, ಕೊಬ್ಬು ಇಳಿಸುವ ಮಾತ್ರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತವೆ.

ನಮ್ಮ ಬೀದಿಯ ಹಿರಿಯರೊಬ್ಬರಿಗೆ ಹೋದ ವರ್ಷ ಬೈಪಾಸ್ ಆಗಿತ್ತು. ಮೊನ್ನೆ ಟೀ ಅಂಗಡಿಯಲ್ಲಿ ಸಿಕ್ಕಾಗ, "ಬ್ಲಾಕೇ ಹೋದ ಮೇಲೆ ಮಾತ್ರೆ ಯಾಕಪ್ಪ?" ಅಂದರು. ನಿಲ್ಲಿಸಿ ನಾಲ್ಕು ತಿಂಗಳಂತೆ. ಅಂಗಡಿಯ ಬೆಂಚಿನ ಮೇಲೆ ನೀರು ಚೆಲ್ಲಿ, ಬೆರಳಿಂದ ಗೆರೆ ಎಳೆದು ಕಾಲುವೆ ತೋರಿಸಿದೆ. ಸ್ವಲ್ಪ ಹೊತ್ತು ಆ ಗೆರೆಯನ್ನೇ ನೋಡಿದರು. ಸೋಮವಾರ ಇಬ್ಬರೂ ಅವರ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ.