ಏರುಸ್ವರ ಎಣಿಸಿದರೆ ಟೆನರ್ ತಿಳಿಯುವುದಿಲ್ಲ

ಕುಂಬಳೆ ಸೀಮೆಯಲ್ಲಿ ಯಕ್ಷಗಾನ ಭಾಗವತರ ಮಾತು ಬಂದರೆ ಮೊದಲು ಬರುವುದು ಶ್ರುತಿ. ಬಲಿಪ ನಾರಾಯಣ ಭಾಗವತರು ತೀರಿಹೋದದ್ದು 2023ರಲ್ಲಿ. ಅವರ ಏರು ಶ್ರುತಿಯ ಚರ್ಚೆ ಇವತ್ತಿಗೂ ಮುಗಿದಿಲ್ಲ. ಹಾಗಾಗಿ ಇಲ್ಲಿಯವರಿಗೆ ಒಬ್ಬ ಬೆಲ್ ಕ್ಯಾಂಟೊ ಟೆನರ್‌ನ (ಇಟಲಿಯ ಹಳೆಯ ಒಪೆರಾ ಶೈಲಿಯಲ್ಲಿ ಹಾಡುವ ಏರುದನಿಯ ಗಾಯಕ) ವಿಡಿಯೊ ಕಳಿಸಿದರೂ ಬರುವ ಪ್ರಶ್ನೆ ಅದೇ: ಎಷ್ಟು ಮೇಲೆ ಹೋಗ್ತಾನೆ? ಪ್ರಶ್ನೆ ತಪ್ಪಲ್ಲ. ಆದರೆ ಎಳೆಯ ಟೆನರ್ ಒಬ್ಬ ಇನ್ನು ಇಪ್ಪತ್ತು ವರ್ಷ ಉಳಿಯುತ್ತಾನೋ, ಐದೇ ವರ್ಷಕ್ಕೆ ಮುಗಿಯುತ್ತಾನೋ ಎಂಬುದಕ್ಕೆ ಅದರಲ್ಲಿ ಉತ್ತರ ಸಿಗುವುದಿಲ್ಲ.

ಎತ್ತರದ ಲೆಕ್ಕವನ್ನು ಮೊದಲು ಮುಗಿಸೋಣ. ಬಿಳಿ ಒಂದು (ಪಾಶ್ಚಾತ್ಯರ ‘ಸಿ’) ಶ್ರುತಿಯಲ್ಲಿ ಗಂಡಸರ ಮಧ್ಯ ಷಡ್ಜ ಸುಮಾರು 131 ಹರ್ಟ್ಸ್, ತಾರ ಷಡ್ಜ 262. ಟೆನರ್‌ನ ‘ಹೈ ಸಿ’ ಅದಕ್ಕೂ ಒಂದು ಸ್ಥಾಯಿ ಮೇಲೆ, ಅಂದರೆ 523ರ ಹತ್ತಿರ. ಡೊನಿಜೆಟ್ಟಿಯ ‘ಲಾ ಫೀಯ್ ದ್ಯು ರೆಜಿಮಾಂ’ (1840) ಒಪೆರಾದಲ್ಲಿ ಟೋನಿಯೊ ಪಾತ್ರದ ಒಂದೇ ಹಾಡಿಗೆ ಒಂಬತ್ತು ಹೈ ಸಿ ಎಂದು ಹೇಳುವ ರೂಢಿ. ಬರೆದದ್ದು ಎಂಟು, ಒಂಬತ್ತನೆಯದು ಹಾಡುಗಾರರು ಸೇರಿಸಿಕೊಂಡದ್ದು. 2007ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಪೆರು ದೇಶದ ಹುವಾನ್ ದಿಯೆಗೊ ಫ್ಲೋರೆಸ್ ಇದನ್ನು ಹಾಡಿದಾಗ ಜನ ಬಿಡಲಿಲ್ಲ, ಎರಡನೆಯ ಸಲ ಹಾಡಿಸಿದರು. ಆ ರಂಗಮಂದಿರದಲ್ಲಿ ‘ಇನ್ನೊಮ್ಮೆ’ ಎಂಬುದಕ್ಕೆ ದಶಕಗಳಿಂದ ಅವಕಾಶವೇ ಇರಲಿಲ್ಲ.

ಬೆಲ್ ಕ್ಯಾಂಟೊ ಅಂದರೆ ಮುಖ್ಯವಾಗಿ ಮೂವರು ಸಂಯೋಜಕರು: ರೊಸಿನಿ, ಬೆಲ್ಲಿನಿ, ಡೊನಿಜೆಟ್ಟಿ. ಅವರ ಟೆನರ್‌ಗಳು ಮೇಲಿನ ಸ್ವರಗಳನ್ನು ಈಗಿನಂತೆ ಎದೆದನಿಯಲ್ಲಿ ಎತ್ತುತ್ತಿರಲಿಲ್ಲ, ತಲೆದನಿಗೆ ಹೊರಳುತ್ತಿದ್ದರು. ಬೆಲ್ಲಿನಿ ತನ್ನ ‘ಇ ಪುರಿತಾನಿ’ಯಲ್ಲಿ (1835) ರುಬಿನಿ ಎಂಬ ಟೆನರ್‌ಗಾಗಿ ಹೈ ಸಿಗಿಂತಲೂ ಮೇಲಿನ ಎಫ್ ಬರೆದದ್ದು ಇದೇ ಧೈರ್ಯದಲ್ಲಿ. 1837ರಲ್ಲಿ ಪ್ಯಾರಿಸ್ಸಿನಲ್ಲಿ ಡ್ಯುಪ್ರೆ ಎಂಬಾತ ಎದೆದನಿಯ ಹೈ ಸಿ ಹಾಡಿದ, ಜನ ಹುಚ್ಚೆದ್ದರು. ರೊಸಿನಿಗೆ ಮಾತ್ರ ಅದು ಹಿಡಿಸಲಿಲ್ಲ. ಇವತ್ತಿನ ಟೆನರ್‌ಗೆ ಇಕ್ಕಟ್ಟು ಇಲ್ಲೇ: ಹಾಡು ರುಬಿನಿ ಕಾಲದ್ದು, ಜನಕ್ಕೆ ಬೇಕಾದದ್ದು ಡ್ಯುಪ್ರೆಯ ದನಿ.

ನಿಜವಾದ ಪರೀಕ್ಷೆ ಹೈ ಸಿಗಿಂತ ಕೆಳಗೆ ಇದೆ. ಇಟಾಲಿಯನ್ನರು ಅದನ್ನು ಪಸ್ಸಾಜ್ಜೊ ಅನ್ನುತ್ತಾರೆ. ಟೆನರ್‌ಗೆ ಅದು ಸುಮಾರು 330ರಿಂದ 390 ಹರ್ಟ್ಸ್. ನಮ್ಮ ಬಿಳಿ ಒಂದರಲ್ಲಿ ಹೇಳಿದರೆ ತಾರ ಗಾಂಧಾರದಿಂದ ತಾರ ಪಂಚಮದವರೆಗೆ. ಗಂಟಲು ಎದೆದನಿಯ ಹಿಡಿತ ಬಿಟ್ಟು ಇನ್ನೊಂದು ಹೊಂದಾಣಿಕೆಗೆ ಹೋಗಬೇಕಾದ ಜಾಗ ಇದು. ಕೆಳಗಿನ ಭಾರವನ್ನು ಹಾಗೇ ಹೊತ್ತುಕೊಂಡು ಹೋದರೆ ಮೊದಲು ಶ್ರುತಿ ಕೂದಲೆಳೆಯಷ್ಟು ಇಳಿಯುತ್ತದೆ, ಆಮೇಲೆ ಕೂಗಾಗುತ್ತದೆ. ‘ಆ’ಕಾರವನ್ನು ಬಾಯಿ ಅಗಲಿಸಿ ಹಾಗೇ ಎತ್ತಿದರೂ ಕೂಗೇ. ಕಲಿತವರು ಅದನ್ನು ಕೇಳುವವರಿಗೆ ಗೊತ್ತಾಗದಷ್ಟೇ ‘ಓ’ ಕಡೆಗೆ ದುಂಡಗೆ ಮಾಡುತ್ತಾರೆ. ತೀರಾ ಮುಚ್ಚಿದರೂ ಕಷ್ಟ, ದನಿ ಹಿಂದಕ್ಕೆ ಹೋಗಿ ಆರ್ಕೆಸ್ಟ್ರಾದ ಅಡಿಗೆ ಬೀಳುತ್ತದೆ. ಅಲ್ಲಿ ಮೈಕ್ ಇಲ್ಲ ಎಂಬುದು ನೆನಪಿರಲಿ. ಆರ್ಕೆಸ್ಟ್ರಾದ ಬಲ 500 ಹರ್ಟ್ಸ್ ಆಸುಪಾಸಿನಲ್ಲಿ. ಗಾಯಕನ ದನಿಯಲ್ಲಿ 3000ದ ಹತ್ತಿರ ಒಂದು ಮೊನಚು ಇದ್ದರಷ್ಟೇ ಅದನ್ನು ಸೀಳಿಕೊಂಡು ಕೊನೆಯ ಸಾಲಿಗೆ ಮುಟ್ಟುತ್ತದೆ. ಚೆಂಡೆಯ ಮೇಲೆ ತೇಲುವ ಪದ ಕೇಳಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಭಾಗವತರಿಗೆ ತಮ್ಮ ಶ್ರುತಿ ತಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಇದೆ, ಟೆನರ್‌ಗೆ ಸಾಮಾನ್ಯವಾಗಿ ಇಲ್ಲ. (ಸಾಮಾನ್ಯವಾಗಿ ಅಂದೆ, ಯಾಕೆಂದರೆ ಬೆಲ್ಲಿನಿಯ ‘ಲಾ ಸೊನ್ನಾಂಬುಲಾ’ದಲ್ಲಿ ಎಲ್ವಿನೊನ ಭಾಗವನ್ನು ರುಬಿನಿ ಹಾಡಿದ ಶ್ರುತಿಗಿಂತ ಇಳಿಸಿಯೇ ಹಾಡುವ ರೂಢಿ ಬಹಳ ಹಳೆಯದು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.)

ಇನ್ನು ಬೆಳೆಯುವ ದಾರಿ. ಈಗ ಏರುತ್ತಿರುವವರಲ್ಲಿ ಸ್ಪೇನಿನ ಬಾಸ್ಕ್ ನಾಡಿನ ಶಾಬಿಯೆರ್ ಅಂದುವಾಗಾನ ಹೆಜ್ಜೆಗಳು ಒಳ್ಳೆಯ ಉದಾಹರಣೆ. 1995ರಲ್ಲಿ ಸಾನ್ ಸೆಬಾಸ್ಟಿಯನ್‌ನಲ್ಲಿ ಹುಟ್ಟಿದ ಈತ 2016ರಲ್ಲಿ ರೊಸಿನಿಯ ಹುಟ್ಟೂರು ಪೆಸಾರೊದ ತರಬೇತಿ ಶಾಲೆ ಸೇರಿದ. 2018ರಲ್ಲಿ ಅಲ್ಲಿಯೇ ರೊಸಿನಿಯ ‘ರಿಚ್ಚಾರ್ದೊ ಎ ಜೊರಾಯಿದೆ’ ಆದಾಗ ಮುಖ್ಯ ಪಾತ್ರ ಫ್ಲೋರೆಸ್‌ಗೆ, ಈತನಿಗೆ ಎರ್ನೆಸ್ಟೊ ಎಂಬ ಚಿಕ್ಕ ಪಾತ್ರ. ನಮ್ಮಲ್ಲೂ ಹಾಗೇ ತಾನೆ, ಮೊದಲು ಸಂಗೀತಗಾರನಾಗಿ ಪೂರ್ವರಂಗ ಹಾಡಿ, ಮುಖ್ಯ ಭಾಗವತರು ನಡುರಾತ್ರಿ ಪ್ರಸಂಗ ಎತ್ತುವುದನ್ನು ಹತ್ತಿರದಿಂದ ಕೇಳಿ ಪಳಗುವುದು. 2019ರಲ್ಲಿ ಪ್ರಾಗ್‌ನಲ್ಲಿ ನಡೆದ ಒಪೆರಾಲಿಯಾ ಸ್ಪರ್ಧೆಯ ಮೊದಲ ಬಹುಮಾನ ಬಂತು, 2023ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ. ಅಲ್ಲಿ ಮೊದಲು ಹಾಡಿದ್ದು ಡೊನಿಜೆಟ್ಟಿಯ ನೆಮೊರಿನೊ ಪಾತ್ರ, ಆಮೇಲೆ 2025ರಲ್ಲಿ ಎಲ್ವಿನೊ. ಸಂಯೋಜಕ ವರ್ದಿಯ ಭಾರದ ಪಾತ್ರ ಹಿಡಿದು ಬಾಗಿಲು ತಟ್ಟಲಿಲ್ಲ ಎಂಬುದನ್ನು ಗಮನಿಸಬೇಕು.

ಹಗುರ ದನಿಯ ಟೆನರ್‌ಗೆ ಪಾತ್ರಗಳ ಕ್ರಮ ಹೆಚ್ಚುಕಡಿಮೆ ಹೀಗೆ: ರೊಸಿನಿಯ ಅಲ್ಮಾವೀವಾ, ರಾಮಿರೊ, ನಂತರ ಡೊನಿಜೆಟ್ಟಿಯ ಎರ್ನೆಸ್ಟೊ, ನೆಮೊರಿನೊ, ಟೋನಿಯೊ, ಅದರಾಚೆ ಎಲ್ವಿನೊ, ಆರ್ತುರೊ, ದನಿ ತಾನಾಗಿ ತುಂಬಿಕೊಂಡ ಮೇಲೆ ಎದ್ಗಾರ್ದೊ ಮತ್ತು ವರ್ದಿಯ ‘ರಿಗೊಲೆಟ್ಟೊ’ದ ಡ್ಯೂಕ್. ಕೆಡುವುದು ಈ ಕೊನೆಯ ತಿರುವಿನಲ್ಲಿ. ದೊಡ್ಡ ರಂಗಮಂದಿರ ಕರೆಯುತ್ತದೆ, ಸಂಭಾವನೆ ದೊಡ್ಡದು, ಏಜೆಂಟ್ ‘ಹೂಂ ಅನ್ನು’ ಅನ್ನುತ್ತಾನೆ. ಗಂಟಲು ಎರಡು ವರ್ಷ ತಾಳಿಕೊಳ್ಳುತ್ತದೆ. ಮೊದಲು ಹೋಗುವುದು ಹೈ ಸಿ ಅಲ್ಲ, ಮೆಲುದನಿ. ಸಣ್ಣಗೆ ಹಿಡಿದು ದೊಡ್ಡದು ಮಾಡಿ ಮತ್ತೆ ಸಣ್ಣ ಮಾಡುವ ‘ಮೆಸ್ಸಾ ದಿ ವೋಚೆ’ ಕೈಕೊಡುತ್ತದೆ. ಆಮೇಲೆ ಬಿರ್ಕಾಗಳ ನಡುವೆ ‘ಹ ಹ ಹ’ ನುಸುಳುತ್ತದೆ. ಕೊನೆಗೆ ಉದ್ದ ಸ್ವರ ಓಲಾಡತೊಡಗುತ್ತದೆ. ಅಲ್ಲಿಂದ ಹಿಂದಿರುಗಿದವರು ಕಡಿಮೆ. ಫ್ಲೋರೆಸ್ 2008ರಲ್ಲಿ ಲಿಮಾದಲ್ಲೂ ಡ್ರೆಸ್ಡೆನ್‌ನಲ್ಲೂ ಡ್ಯೂಕ್ ಹಾಡಿ, ದನಿಗೆ ಒಗ್ಗುವುದಿಲ್ಲವೆಂದು ಆ ಪಾತ್ರವನ್ನು ವರ್ಷಗಟ್ಟಲೆ ಬದಿಗಿಟ್ಟರು. ನನ್ನ ಲೆಕ್ಕದಲ್ಲಿ ಲಾ ಸ್ಕಾಲಾದ ಆ ಎರಡನೆಯ ಸಲಕ್ಕಿಂತ ದೊಡ್ಡ ಕೆಲಸ ಇದು.

ಕೇಳಿ ನೋಡಲು ಎರಡು ಹಾಡು ಸಾಕು. ಒಂದು ನೆಮೊರಿನೊನ ‘ಊನಾ ಫುರ್ತೀವಾ ಲಾಗ್ರಿಮಾ’. ಬಸೂನ್ ಶುರು ಮಾಡುತ್ತದೆ. ಒಂದೂ ಹೈ ಸಿ ಇಲ್ಲ, ಆದರೆ ಹಾಡು ಸುತ್ತುವುದು ಪಸ್ಸಾಜ್ಜೊದ ಆಸುಪಾಸಿನಲ್ಲೇ. ಎರಡನೆಯ ಚರಣ ಮೊದಲನೆಯದಕ್ಕಿಂತ ಮೆಲುವಾಗಿ ಬಂತೋ ಅಥವಾ ಬರೀ ಜೋರಾಯಿತೋ ನೋಡಿ. ಇನ್ನೊಂದು ‘ಸೆವಿಲ್ಲಾದ ಕ್ಷೌರಿಕ’ದ (1816) ಕೊನೆಯಲ್ಲಿ ಅಲ್ಮಾವೀವಾಗೆ ಇರುವ ಉದ್ದದ ಹಾಡು, ‘ಚೆಸ್ಸಾ ದಿ ಪಿಯು ರೆಸಿಸ್ತೆರೆ’. ಅದರ ಕಷ್ಟಕ್ಕೆ ಹೆದರಿ ಎಷ್ಟೋ ರಂಗಮಂದಿರಗಳು ಅದನ್ನು ಕತ್ತರಿಸಿಯೇ ಬಿಡುತ್ತಿದ್ದವು. ಎಳೆಯನೊಬ್ಬ ಅದನ್ನು ಉಳಿಸಿಕೊಂಡು, ಸ್ವರಸ್ವರವೂ ಬಿಡಿಯಾಗಿ ಕೇಳುವಂತೆ ಹಾಡಿದರೆ ಆತನನ್ನು ಗುರುತಿಟ್ಟುಕೊಳ್ಳಬಹುದು. ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ಮೆಲುದನಿಯೂ ಗಟ್ಟಿದನಿಯೂ ಒಂದೇ ಆಗಿಬಿಡುತ್ತದೆ.

ಮೆಟ್ರೊಪಾಲಿಟನ್‌ನ ಶನಿವಾರದ ಮಧ್ಯಾಹ್ನದ ಆಟದ ನೇರ ಪ್ರಸಾರ ಅಲ್ಲಿಯ ಒಂದು ಗಂಟೆಗೆ ಶುರುವಾದರೆ ನಮಗೆ ರಾತ್ರಿ ಹತ್ತೂವರೆ, ಅವರ ಚಳಿಗಾಲದ ಸಮಯದಲ್ಲಿ ಹನ್ನೊಂದೂವರೆ. ಮುಗಿಯುವಾಗ ಒಂದೋ ಎರಡೋ ದಾಟುತ್ತದೆ. ಬೆಳಗಿನವರೆಗೆ ಆಟ ನೋಡಿ ಅಭ್ಯಾಸವಿರುವ ಬದಿಯಡ್ಕ, ಪೆರ್ಲದವರಿಗೆ ಇದೇನು ನಿದ್ದೆಗೇಡೇ?