ಟೊಮೆಟೊ ಬಾಕ್ಸು, ರೆಪೊ ದರ ಮತ್ತು ನಮ್ಮ ಬಿಬಿಎ ಕ್ಲಾಸು

2023ರ ಆಗಸ್ಟ್ 14, ಸೋಮವಾರ ಸಂಜೆ ಜುಲೈ ತಿಂಗಳ ಹಣದುಬ್ಬರದ ಅಂಕಿ ಹೊರಬಿತ್ತು. ಹಿಂದಿನ ವರ್ಷದ ಜುಲೈಗಿಂತ ಬೆಲೆಗಳು ಸರಾಸರಿ 7.44 ಪರ್ಸೆಂಟ್ ಏರಿದ್ದವು. ಜೂನ್‌ನಲ್ಲಿ ಐದರೊಳಗೆ ಇದ್ದದ್ದು ಒಂದೇ ತಿಂಗಳಲ್ಲಿ ಅಷ್ಟು ಮೇಲೆ ಹೋಗಿತ್ತು. ತರಕಾರಿ ಒಂದನ್ನೇ ನೋಡಿದರೆ ಹಿಂದಿನ ವರ್ಷಕ್ಕಿಂತ 37.34 ಪರ್ಸೆಂಟ್ ಜಾಸ್ತಿ. ಮಾರನೇ ದಿನ ಸ್ವಾತಂತ್ರ್ಯ ದಿನದ ರಜೆ. ಬುಧವಾರ ಬೆಳಿಗ್ಗೆ ನನಗೆ ಬಿಬಿಎ ಮಕ್ಕಳ ಮ್ಯಾಕ್ರೋ ಎಕನಾಮಿಕ್ಸ್ ಕ್ಲಾಸ್, ಅಂದರೆ ಇಡೀ ದೇಶದ ಆರ್ಥಿಕತೆಯ ಪಾಠ, ಇತ್ತು.

ನಾನು ಪಾಠ ಮಾಡುವುದು ಕೋಲಾರ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ. ಆ ಮಳೆಗಾಲದಲ್ಲಿ ದೇಶವೆಲ್ಲ ಕೋಲಾರದ ಎಪಿಎಂಸಿ ಕಡೆ ನೋಡುತ್ತಿತ್ತು. 15 ಕೆಜಿಯ ಒಂದು ಬಾಕ್ಸ್ ಟೊಮೆಟೊ ಹರಾಜಿನಲ್ಲಿ 2,000 ರೂಪಾಯಿ ದಾಟಿತ್ತು. ಬಿಳಿ ನೊಣ, ಎಲೆ ಮುದುಡು ರೋಗ ಬಂದು ಎಷ್ಟೋ ತೋಟಗಳು ಹಾಳಾಗಿದ್ದವು. ಉಳಿಸಿಕೊಂಡವರಿಗೆ ಮಾತ್ರ ಆ ರೇಟು ಸಿಕ್ಕಿತು.

ಬಿಬಿಎ ಮಕ್ಕಳಿಗೆ ಅಕೌಂಟ್ಸ್ ಅಂದರೆ ಒಂದು ಭರವಸೆ. ಡೆಬಿಟ್ಟು, ಕ್ರೆಡಿಟ್ಟು ಎರಡೂ ಕಡೆ ತಾಳೆಯಾದರೆ ನೆಮ್ಮದಿ. ಮುಂದೆ ಕೆಲಸಕ್ಕೂ ಬರುತ್ತೆ. ಮ್ಯಾಕ್ರೋ ಹಾಗಲ್ಲ. ಜಿಡಿಪಿ, ರೆಪೊ, ಒಟ್ಟು ಬೇಡಿಕೆ ಎಲ್ಲವೂ ದೆಹಲಿ, ಮುಂಬೈಯವರ ಮಾತು ಅನ್ನಿಸುತ್ತದೆ ಅವರಿಗೆ. ಆ ದೂರ ಕಡಿಮೆ ಮಾಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಅದಕ್ಕೇ ಬೇರೇನೂ ಹೇಳದೆ ಬೋರ್ಡಿನ ಮೇಲೆ 7.44 ಅಂತ ಬರೆದು, ಇದು ನಿಮ್ಮ ಮನೆಗೆ ಸರಿಹೋಗುತ್ತಾ ಅಂತ ಕೇಳಿದೆ.

ಮುಂದಿನ ಬೆಂಚಿನ ಹುಡುಗಿ ತಕ್ಷಣ ಹೇಳಿದಳು. "ಇಲ್ಲ ಮೇಡಂ, ಇದು ತುಂಬಾ ಕಡಿಮೆ ಆಯ್ತು. ನಮ್ಮನೇಲಿ ಟೊಮೆಟೊ ತಂದು ತಿಂಗಳಾಗ್ತಾ ಬಂತು. ಅಮ್ಮ ಬರೀ ಹುಣಸೆಹಣ್ಣಲ್ಲೇ ಸಾರು ಮಾಡ್ತಿದ್ದಾರೆ." ಅವಳ ಅಪ್ಪ ಆಟೊ ಓಡಿಸುತ್ತಾರೆ.

ಹಿಂದಿನಿಂದ ಮುಳಬಾಗಿಲು ಕಡೆಯ ಹುಡುಗನೊಬ್ಬ ಎದ್ದ. ಅವರದು ಎರಡು ಎಕರೆ ಟೊಮೆಟೊ. "ನಮಗೆ ಈ ಸಲ ಒಳ್ಳೇದಾಯ್ತು ಮೇಡಂ. ಒತ್ತೆ ಇಟ್ಟಿದ್ದ ಅಮ್ಮನ ಒಡವೆ ಬಿಡಿಸ್ಕೊಂಡ್ವಿ."

ಕ್ಲಾಸಿನಲ್ಲಿ ಗುಸುಗುಸು ಶುರುವಾಯಿತು. ನಿಮ್ಮಿಂದಾನೇ ನಮಗೆ ಈ ಗತಿ ಅಂತ ಯಾರೋ ಅಂದರು. ಅವನು ಸುಮ್ಮನಿರಲಿಲ್ಲ. "ಬೇಸಿಗೇಲಿ ಬಾಕ್ಸಿಗೆ ಕೀಳೋ ಕೂಲಿ ಕೂಡ ಹುಟ್ಟದೆ ತಿಪ್ಪೆಗೆ ಸುರಿದ್ವಿ. ಆವಾಗ ನಿಮ್ಮನೇಲಿ ಯಾರಾದ್ರೂ ನಮ್ಮ ಬಗ್ಗೆ ಮಾತಾಡಿದ್ರಾ?" ಅಂತ ಕೇಳಿದ. ಅವನ ದನಿ ನಡುಗುತ್ತಿತ್ತು. ಆ ಹುಡುಗಿಯೂ ಮಾತಾಡಲಿಲ್ಲ.

ಇಬ್ಬರು ಹೇಳಿದ್ದೂ ನಿಜ. ಒಂದು ದೇಶದ ಅಂಕಿ ಅಂದರೆ ಇಂಥ ಎದುರುಬದುರು ನಿಜಗಳನ್ನೆಲ್ಲ ಕೂಡಿಸಿ ತೆಗೆದ ಸರಾಸರಿ. ಅದನ್ನು ಬರೀ ಬಾಯಲ್ಲಿ ಹೇಳಿದರೆ ಸಾಲದು, ಲೆಕ್ಕ ಮಾಡಿಯೇ ನೋಡಬೇಕು ಅಂದೆ.

ಹಣದುಬ್ಬರ ಅಳೆಯುವ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಒಂದೊಂದು ವಸ್ತುವಿಗೂ ಒಂದು ತೂಕ ಇರುತ್ತದೆ. ಒಂದು ಮನೆಯವರು ನೂರು ರೂಪಾಯಿ ಖರ್ಚು ಮಾಡಿದರೆ ಯಾವುದಕ್ಕೆ ಎಷ್ಟು ಹೋಗುತ್ತೆ ಅನ್ನುವ ಲೆಕ್ಕ ಅದು. ಆಗ ಬಳಕೆಯಲ್ಲಿದ್ದ ಪಟ್ಟಿಯಲ್ಲಿ ಟೊಮೆಟೊಗೆ 57 ಪೈಸೆ, ಈರುಳ್ಳಿಗೆ 64 ಪೈಸೆ, ಆಲೂಗಡ್ಡೆಗೆ 98 ಪೈಸೆ. ತರಕಾರಿ ಎಲ್ಲ ಸೇರಿ 6 ರೂಪಾಯಿ 4 ಪೈಸೆ. ಮಕ್ಕಳು ಮೊಬೈಲ್ ತೆಗೆದು 6.04ನ್ನು 37.34 ಪರ್ಸೆಂಟಿನಿಂದ ಗುಣಿಸಿದರು. ಅಂದಾಜು ಎರಡೂಕಾಲು ಬಂತು. ಅಂದರೆ ಬೋರ್ಡಿನ ಮೇಲಿದ್ದ 7.44ರಲ್ಲಿ ಎರಡಕ್ಕಿಂತ ಜಾಸ್ತಿ ಬರೀ ತರಕಾರಿಯಿಂದಲೇ ಬಂದದ್ದು. ಅದನ್ನು ಕಳೆದರೆ ಉಳಿಯೋದು ಐದೂಚಿಲ್ಲರೆ. ನೂರರಲ್ಲಿ ಆರು ರೂಪಾಯಿಯ ವಸ್ತು ಇಡೀ ದೇಶದ ಅಂಕಿಯನ್ನು ಅಷ್ಟು ಎತ್ತಿತ್ತು.

"ಈ ತೂಕ ಯಾರು ಹಾಕಿದ್ದು ಮೇಡಂ? ನಮ್ಮನ್ನ ಯಾರೂ ಕೇಳಿಲ್ವಲ್ಲ" ಅಂದ ಒಬ್ಬ. ತುಂಬಾ ಒಳ್ಳೆಯ ಪ್ರಶ್ನೆ. ಆ ತೂಕಗಳು 2011-12ರ ಖರ್ಚಿನ ಸಮೀಕ್ಷೆಯಿಂದ ಬಂದವು. ಆಗ ಈ ಮಕ್ಕಳು ಪ್ರೈಮರಿ ಶಾಲೆಯಲ್ಲಿದ್ದರು. ಇವರ ಕೈಯಲ್ಲಿರುವ ಮೊಬೈಲಿನ ಡೇಟಾ ಖರ್ಚು ಆಗಿನ ಮನೆಗಳಲ್ಲಿ ಎಲ್ಲಿತ್ತು? ಜೊತೆಗೆ ಹಳ್ಳಿಗೂ ಪಟ್ಟಣಕ್ಕೂ ತೂಕ ಬೇರೆ. ಆ ಪಟ್ಟಿಯಲ್ಲಿ ಊಟ ತಿಂಡಿಯ ಪಾಲು ಹಳ್ಳಿಯಲ್ಲಿ ನೂರಕ್ಕೆ 54.18, ಪಟ್ಟಣದಲ್ಲಿ 36.29 ಇತ್ತು. ತಿನ್ನುವ ವಸ್ತು ತುಟ್ಟಿಯಾದರೆ ಹಳ್ಳಿಯ ಬಡವರ ಜೇಬಿಗೆ ಮೊದಲು ಏಟು ಬೀಳುವುದು ಇದಕ್ಕೇ. ಎಲ್ಲರೂ ತಮ್ಮ ತಮ್ಮ ಮನೆಯ ತೂಕದ ಪಟ್ಟಿ ಬರೆದರು. ಆಟೊದವರ ಮನೆಯಲ್ಲಿ ಊಟದ ಪಾಲು ಅರವತ್ತರ ಹತ್ತಿರ ಬಂತು. ಅವಳ ಮನೆಗೆ 7.44 ಸಣ್ಣ ಅಂಕಿ ಅನ್ನಿಸಿದ್ದಕ್ಕೆ ಕಾರಣ ಅಲ್ಲೇ ಇತ್ತು.

ಆಮೇಲೆ ಮುಳಬಾಗಿಲಿನ ಹುಡುಗ ಒಂದು ಪ್ರಶ್ನೆ ಕೇಳಿದ. ಅದು ನನಗೆ ಇವತ್ತಿಗೂ ಇಷ್ಟ. "ಅಪ್ಪನಿಗೆ ದುಡ್ಡು ಜಾಸ್ತಿ ಬಂತು. ಹಾಗಾದ್ರೆ ಜಿಡಿಪೀನೂ ಜಾಸ್ತಿ ಆಯ್ತಾ?"

ಜಿಡಿಪಿ ಅಂದರೆ ದೇಶದಲ್ಲಿ ಒಂದು ವರ್ಷದಲ್ಲಿ ಉತ್ಪಾದನೆಯಾದ ಎಲ್ಲದರ ಒಟ್ಟು ಬೆಲೆ. ಬೋರ್ಡಿನ ಮೇಲೆ ಸುಮ್ನೆ ಒಂದು ಉದಾಹರಣೆ ಹಾಕಿದೆ. ಹೋದ ವರ್ಷ 100 ಬಾಕ್ಸ್, ಒಂದಕ್ಕೆ 300 ರೂಪಾಯಿ. ಒಟ್ಟು 30,000. ಈ ವರ್ಷ ರೋಗ ಬಂದು 40 ಬಾಕ್ಸ್ ಮಾತ್ರ, ಒಂದಕ್ಕೆ 1,500 ರೂಪಾಯಿ. ಒಟ್ಟು 60,000. ಕೈಗೆ ಬಂದ ಹಣ ಎರಡರಷ್ಟು. ಆದರೆ ಆ 40 ಬಾಕ್ಸಿಗೆ ಹೋದ ವರ್ಷದ ರೇಟೇ ಹಾಕಿದರೆ 12,000 ಅಷ್ಟೇ. ಆಯಾ ವರ್ಷದ ರೇಟು ಹಾಕಿದ ಲೆಕ್ಕ ನಾಮಿನಲ್, ಹೋದ ವರ್ಷದ ರೇಟೇ ಹಾಕಿದ್ದು ರಿಯಲ್. ದೇಶ ಬೆಳೆಯಿತಾ ಅಂತ ನೋಡುವಾಗ ರೇಟನ್ನು ಒಂದು ವರ್ಷಕ್ಕೆ ಕಟ್ಟಿಹಾಕಿ, ನಿಜವಾಗಿ ಬೆಳೆದದ್ದೆಷ್ಟು ಅಂತ ಮಾತ್ರ ಎಣಿಸುತ್ತಾರೆ. ಹುಡುಗ ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿದ. "ಅಂದ್ರೆ ನಮ್ಮನೇಲಿ ಹಬ್ಬ, ದೇಶಕ್ಕೆ ನಷ್ಟ" ಅಂದ. ಹೌದು ಅಂದೆ. ಈ ಪಾಠ ಮಾಡುವಾಗ ಪುಸ್ತಕದ ಅಕ್ಕಿ-ಬಟ್ಟೆ ಉದಾಹರಣೆಗೆ ಇಷ್ಟು ಬೇಗ ತಲೆಯಾಡಿಸಿದ್ದನ್ನು ನಾನು ನೋಡಿಲ್ಲ.

ಇನ್ನು ರಿಸರ್ವ್ ಬ್ಯಾಂಕಿನ ಮಾತು. ಅದೇ ತಿಂಗಳ 10ನೇ ತಾರೀಖು ರೆಪೊ ದರವನ್ನು, ಅಂದರೆ ತಾವು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, 6.5 ಪರ್ಸೆಂಟಿನಲ್ಲೇ ಬಿಟ್ಟಿದ್ದರು. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ಅದನ್ನು 4ರಿಂದ 6.5ಕ್ಕೆ ತಂದವರು ಈಗ ಬೆಲೆ ಏರುತ್ತಿದ್ದರೂ ಯಾಕೆ ಸುಮ್ಮನಿದ್ದಾರೆ? ಕಾನೂನು ಅವರಿಗೆ ಗುರಿ ಕೊಟ್ಟಿದೆ. ಹಣದುಬ್ಬರ 4 ಇರಬೇಕು, ಕೆಳಗೆ 2, ಮೇಲೆ 6 ದಾಟಬಾರದು. ಸತತ ಮೂರು ತ್ರೈಮಾಸಿಕ ಗೆರೆ ದಾಟಿದರೆ ಸರ್ಕಾರಕ್ಕೆ ವರದಿ ಬರೆದು ಕಾರಣ ಹೇಳಬೇಕು. 2022ರಲ್ಲಿ ಹಾಗೆ ಬರೆಯಬೇಕಾಗಿ ಬಂದಿತ್ತು ಕೂಡ.

"ರೆಪೊ ಏರಿಸಿದ್ರೆ ಟೊಮೆಟೊ ಬರುತ್ತಾ ಮೇಡಂ?" ಅಂತ ಒಬ್ಬಳು ಕೇಳಿದಳು. ಬರೋದಿಲ್ಲ. ಸಾಲ ತುಟ್ಟಿಯಾದರೆ ಜನ ಮನೆ, ಗಾಡಿ ಕೊಳ್ಳೋದು ಮುಂದಕ್ಕೆ ಹಾಕುತ್ತಾರೆ, ಕಂಪನಿಗಳು ಹೊಸ ಕೆಲಸ ನಿಲ್ಲಿಸುತ್ತವೆ. ಬೇಡಿಕೆ ತಗ್ಗುತ್ತದೆ. ಇಲ್ಲಿ ಕೆಟ್ಟದ್ದು ಪೂರೈಕೆ. ಪೂರೈಕೆಯ ಗೆರೆ ಎಡಕ್ಕೆ ಸರಿದ, ಅಂದರೆ ಅದೇ ಬೆಲೆಗೆ ಸಿಗುವ ಮಾಲು ಕಡಿಮೆಯಾದ ಚಿತ್ರ ಬರೆದು, ಈಗ ಬೇಡಿಕೆಯ ಗೆರೆಯನ್ನೂ ಎಡಕ್ಕೆ ತಳ್ಳಿ ಕಡಿಮೆ ಮಾಡಿದರೆ ಏನಾಗುತ್ತೆ ಅಂತ ಅವರಿಗೇ ಬಿಟ್ಟೆ. "ಬೆಲೆ ಸ್ವಲ್ಪ ಇಳಿಯುತ್ತೆ, ಇನ್ನಷ್ಟು ಜನರ ಕೆಲಸ ಹೋಗುತ್ತೆ" ಅಂತ ಅವರೇ ಹೇಳಿದರು. ಸಮಯದ ಲೆಕ್ಕ ಹೇಳಿದ್ದು ಮತ್ತೆ ಮುಳಬಾಗಿಲಿನವನೇ. ಸಸಿ ನಾಟಿ ಮಾಡಿ ಎರಡೂವರೆ, ಮೂರು ತಿಂಗಳಿಗೆ ಹಣ್ಣು ಕೀಳಬಹುದು. ರೆಪೊ ಏರಿಸಿದ್ದು ಬೆಲೆಗೆ ತಟ್ಟೋಕೆ ಎಷ್ಟೋ ತಿಂಗಳು ಬೇಕು. ಅಷ್ಟರಲ್ಲಿ ಹೊಸ ಬೆಳೆ ಮಂಡಿಗೆ ಬಂದಿರುತ್ತದೆ. ರೇಟು ನೋಡಿ ಊರೆಲ್ಲ ಟೊಮೆಟೊ ಹಾಕಿದ್ದಾರೆ ಅಂತಲೂ ಅವನು ಹೇಳಿದ.

ಹಾಗಂತ ರಿಸರ್ವ್ ಬ್ಯಾಂಕ್ ಕೈಕಟ್ಟಿ ಕೂರುವ ಹಾಗೂ ಇಲ್ಲ. ಅದನ್ನು ತೋರಿಸಿಕೊಟ್ಟಿದ್ದು ಇನ್ನೊಬ್ಬ ಹುಡುಗ. "ಹೋಟೆಲ್‌ನವರು ಊಟಕ್ಕೆ ಹತ್ತು ರೂಪಾಯಿ ಜಾಸ್ತಿ ಮಾಡಿದ್ರಲ್ಲ, ಟೊಮೆಟೊ ಇಳಿದ್ಮೇಲೆ ಇಳಿಸ್ತಾರಾ?" ಇಳಿಸೋದು ಕಷ್ಟ. ಊಟ ತುಟ್ಟಿಯಾದರೆ ಕೆಲಸದವರು ಕೂಲಿ ಜಾಸ್ತಿ ಕೇಳುತ್ತಾರೆ. ಮುಂದೆ ಎಲ್ಲವೂ ತುಟ್ಟಿಯಾಗುತ್ತೆ ಅಂತ ಜನ ನಂಬಿಬಿಟ್ಟರೆ, ಒಂದು ತರಕಾರಿಯ ಬೆಲೆ ಏರಿಕೆ ನಿಜವಾದ ಹಣದುಬ್ಬರ ಆಗಿಬಿಡುತ್ತದೆ. ಅದಕ್ಕೇ ರಿಸರ್ವ್ ಬ್ಯಾಂಕ್ ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಮನೆಮನೆಯವರನ್ನು, ಮುಂದೆ ಬೆಲೆ ಎಷ್ಟಾಗಬಹುದು ಅಂತ ಕೇಳುತ್ತಾ ಇರುತ್ತದೆ. ನನ್ನ ಪ್ರಕಾರ ಆ ಆಗಸ್ಟ್‌ನಲ್ಲಿ ದರ ಏರಿಸದೆ ಕಾದದ್ದು ಸರಿಯಾದ ತೀರ್ಮಾನ. ಸಾಲ ತುಟ್ಟಿ ಮಾಡಿದ್ದರೆ ಆ ಆಟೊದವರ ಸಾಲದ ಕಂತೂ ಏರಬಹುದಿತ್ತು, ಅವರ ಮನೆಯ ಸಾರಿಗೆ ಟೊಮೆಟೊ ಮಾತ್ರ ಬರುತ್ತಿರಲಿಲ್ಲ.

ಮುಳಬಾಗಿಲಿನ ಹುಡುಗ ಹೇಳಿದ ಹಾಗೇ ಆಯಿತು. ಸೆಪ್ಟೆಂಬರ್ ಹೊತ್ತಿಗೆ ಹೊಸ ಬೆಳೆ ಬಂದು ರೇಟು ಬಿದ್ದುಹೋಯಿತು. ಆ ತಿಂಗಳ ಹಣದುಬ್ಬರ 5.02. ದೇಶದ ಅಂಕಿ ಗೆರೆಯೊಳಗೆ ಬಂದು ಕೂತಿತು. ಹುಡುಗ ಸ್ಟಾಫ್ ರೂಮಿಗೆ ಬಂದು ಕೇಳಿದ. "ಮೇಡಂ, ಹಣದುಬ್ಬರ ಎರಡರ ಕೆಳಗೆ ಹೋಗಬಾರ್ದು ಅಂತ ಕಾನೂನಿದೆ. ನಮ್ಮ ಬಾಕ್ಸಿಗೆ ಯಾಕೆ ಕೆಳಗಿನ ಗೆರೆ ಇಲ್ಲ?"

ಭತ್ತ, ರಾಗಿಗೆ ಬೆಂಬಲ ಬೆಲೆ ಇದೆ, ಟೊಮೆಟೊಗೆ ಇಲ್ಲ. ಬೇಗ ಕೊಳೆಯುವ ಬೆಳೆಗೆ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಅಂತ ಒಂದಿದೆ. ಬೆಲೆ ತೀರಾ ಬಿದ್ದಾಗ ರಾಜ್ಯ ಸರ್ಕಾರ ಕೇಳಿಕೊಂಡರೆ ಕೇಂದ್ರ ಒಪ್ಪಬೇಕು, ನಷ್ಟವನ್ನು ಇಬ್ಬರೂ ಹಂಚಿಕೊಳ್ಳಬೇಕು. ಇಷ್ಟೂ ಹೇಳಿದೆ. ಆ ಒಪ್ಪಿಗೆಗೆ ಟೊಮೆಟೊ ಗಿಡದಲ್ಲಿ ಎಷ್ಟು ದಿನ ಕಾಯುತ್ತೆ ಅಂತ ಅವನಿಗೆ ನಾನು ಹೇಳಬೇಕಾಗಿಲ್ಲ. ಜುಲೈನಲ್ಲಿ ರೇಟು ಏರಿದಾಗ ಕೇಂದ್ರ ಸರ್ಕಾರ ಕೆಲವೇ ದಿನಗಳಲ್ಲಿ ಟೊಮೆಟೊ ಕೊಂಡು ದೆಹಲಿಯಲ್ಲಿ ಕೆಜಿಗೆ 90 ರೂಪಾಯಿಗೆ ಮಾರಿಸಿತ್ತು. ಬಿದ್ದಾಗಲೂ ಅಷ್ಟೇ ಬೇಗ ಯಾರಾದರೂ ಬರಬೇಕು ಅನ್ನೋದು ಅವನ ವಾದ. ನನಗೆ ಅದು ನ್ಯಾಯ ಅನ್ನಿಸಿತು, ಹಾಗೆಂದು ಅವನಿಗೂ ಹೇಳಿದೆ. ಈ ವಾದವನ್ನು ಸೆಮಿನಾರಿಗೆ ಬರೆದು ತಾ, ಬಾಕ್ಸಿಗೆ ಬೀಜ, ಔಷಧ, ಕೋಲು, ಕೂಲಿ, ಬಾಡಿಗೆ, ಕಮಿಷನ್ ಎಲ್ಲ ಸೇರಿ ಎಷ್ಟು ಬೀಳುತ್ತೆ ಅನ್ನೋ ಲೆಕ್ಕದಿಂದ ಶುರು ಮಾಡು ಅಂದೆ. ಆಟೊದವರ ಮಗಳನ್ನೂ ಜೊತೆಗೆ ಹಾಕಿದೆ. ಕೊಳ್ಳುವವರಿಗೆ ಎಷ್ಟರವರೆಗೆ ತಡೆದುಕೊಳ್ಳೋಕೆ ಆಗುತ್ತೆ ಅನ್ನೋ ಲೆಕ್ಕ ಅವಳದು.